ಬಯೋಸ್ ಅಪ್‌ಡೇಟಿಗೆ ವಿಂಡೋಸಿನ ಹಂಗೇಕೆ?

‘ಲಿನಕ್ಸ್ ಹಾಕ್ಕೊಂಡಿದೀರಾ? ಹಂಗಾದ್ರೆ ಬಯೋಸ್ ಅಪ್‌ಡೇಟ್ ಆಗಲ್ಲ ಸಾರ್. ಒಂದ್ಸಲ ವಿಂಡೋಸ್ ಹಾಕಿ, ಅಪ್‌ಡೇಟ್ ಮುಗಿಸಿ, ಆಮೇಲೆ ಬೇಕಾದ್ರೆ ತೆಗೀರಿ.’

ಕಂಪ್ಯೂಟರ್ ಅಂಗಡಿಯ ಕೌಂಟರಿನಲ್ಲಿ, ಸರ್ವಿಸ್ ಸೆಂಟರಿನ ಫೋನಿನಲ್ಲಿ, ಆಫೀಸಿನ ಐಟಿ ವಿಭಾಗದಲ್ಲಿ ಈ ಮಾತು ವೇದವಾಕ್ಯದ ಹಾಗೆ ಓಡಾಡುತ್ತಿದೆ. ಹೇಳುವವರಿಗೆ ಅನುಮಾನವಿಲ್ಲ, ಕೇಳುವವರಿಗೆ ಎದುರಾಡುವ ಧೈರ್ಯವಿಲ್ಲ. ವಿಚಿತ್ರವೆಂದರೆ, ವರ್ಷಗಟ್ಟಲೆ ಲಿನಕ್ಸ್ ಬಳಸಿ ಪಳಗಿದವರೂ ಇದನ್ನು ಒಪ್ಪಿಕೊಂಡು ಕೂತಿದ್ದಾರೆ. ಅವರ ಡಿಸ್ಕಿನ ಮೂಲೆಯಲ್ಲಿ ಎಂಬತ್ತೋ ನೂರೋ ಜಿಬಿಯ ವಿಂಡೋಸ್ ಪಾರ್ಟಿಶನ್ ಒಂದು ಮಲಗಿರುತ್ತದೆ. ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ, ‘ಬಯೋಸ್ ಅಪ್‌ಡೇಟಿಗೆ ಬೇಕಾಗುತ್ತಲ್ಲ’ ಎಂಬ ಉತ್ತರ. ಅಪರೂಪಕ್ಕೊಮ್ಮೆ ಅದನ್ನು ಎಬ್ಬಿಸಿದರೆ ಮೊದಲು ತನ್ನದೇ ಅಪ್‌ಡೇಟುಗಳನ್ನು ಇಳಿಸಿಕೊಳ್ಳುತ್ತ ಕೂರುತ್ತದೆ. ಬಯೋಸಿನ ಸರದಿ ಬರುವಷ್ಟರಲ್ಲಿ ಮನೆಯವರು ಊಟಕ್ಕೆ ಕರೆದು ಸುಸ್ತಾಗಿರುತ್ತಾರೆ.

ಇದು ತಾಂತ್ರಿಕವಾಗಿ ಸುಳ್ಳು, ವ್ಯಾಪಾರದ ಚಾಳಿಯಾಗಿ ಮಾತ್ರ ನಿಜ ಎಂಬುದು ನನ್ನ ವಾದ. ಬಯೋಸ್ ಬರೆಯುವ ಕೆಲಸಕ್ಕೆ ವಿಂಡೋಸ್ ಬೇಕಿಲ್ಲ. ಕೆಲವು ಕಂಪನಿಗಳು ಬಯೋಸ್ ಫೈಲನ್ನು ಕಟ್ಟಿಕೊಡುವ ಇಎಕ್ಸ್‌ಇ ಎಂಬ ಪೊಟ್ಟಣ ಬಿಚ್ಚಲು ಮಾತ್ರ ಅದು ಬೇಕು. ಪೊಟ್ಟಣ ಕಟ್ಟಿದವನ ಸೋಮಾರಿತನವನ್ನು ನಾವು ಯಂತ್ರದ ಸ್ವಭಾವ ಎಂದು ನಂಬಿಬಿಟ್ಟಿದ್ದೇವೆ.

ಮದರ್‌ಬೋರ್ಡಿನ ಮೇಲೆ ಎಂಟು ಕಾಲಿನ ಪುಟ್ಟ ಕಪ್ಪು ಚಿಪ್ ಒಂದಿರುತ್ತದೆ, ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಬೆನ್ನಿನ ಮೇಲೆ ವಿನ್‌ಬಾಂಡ್ ಎಂದೋ ಮ್ಯಾಕ್ರೋನಿಕ್ಸ್ ಎಂದೋ ಗಿಗಾಡಿವೈಸ್ ಎಂದೋ ಅಚ್ಚಾಗಿರುವುದು ಕಾಣುತ್ತದೆ. ಬಯೋಸ್, ಅಂದರೆ ಈಗಿನ ಹೆಸರಿನಲ್ಲಿ ಯುಇಎಫ್‌ಐ ಫರ್ಮ್‌ವೇರ್, ವಾಸವಾಗಿರುವುದು ಅದರಲ್ಲಿ. ಜಾಗ ಸಾಮಾನ್ಯವಾಗಿ 16 ಎಂಬಿ ಅಥವಾ 32 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಇದೇ. ಮೆಮೊರಿಯನ್ನು ಸಜ್ಜು ಮಾಡಿ, ಪರದೆ ಹೊತ್ತಿಸಿ, ಡಿಸ್ಕನ್ನು ಹುಡುಕಿ, ಆಮೇಲೆ ಆಪರೇಟಿಂಗ್ ಸಿಸ್ಟಮ್ಮನ್ನು ಕರೆಯುತ್ತದೆ. ಕರೆಯುವ ಮುನ್ನ ಇನ್ನೊಂದು ಕೆಲಸ ಮಾಡುತ್ತದೆ: ಇಂದಿನ ಬಹುಪಾಲು ಬೋರ್ಡುಗಳಲ್ಲಿ ಆ ಚಿಪ್ಪಿಗೆ ಬರೆಯುವ ಬಾಗಿಲಿಗೆ ಬೀಗ ಹಾಕಿಬಿಡುತ್ತದೆ. ಆನಂತರ ಮೇಲೆ ಬಂದವರು ವಿಂಡೋಸ್ ಆದರೂ ಒಂದೇ, ಲಿನಕ್ಸ್ ಆದರೂ ಒಂದೇ. ನೇರವಾಗಿ ಒಂದಕ್ಷರ ಬರೆಯಲಾಗದು.

ಹಾಗಾದರೆ ವಿಂಡೋಸಿನಲ್ಲಿ ಎರಡು ಸಲ ಕ್ಲಿಕ್ ಮಾಡಿದ ಆ ಇಎಕ್ಸ್‌ಇ ಫೈಲ್ ಮಾಡುವುದಾದರೂ ಏನು? ಸಾಮಾನ್ಯವಾಗಿ ಹೊಸ ಫರ್ಮ್‌ವೇರಿನ ಫೈಲನ್ನು ಕ್ಯಾಪ್ಸೂಲ್ ಎಂಬ ರೂಪದಲ್ಲಿ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿನಲ್ಲಿ, ಇಲ್ಲವೇ ಮೆಮೊರಿಯಲ್ಲಿ ಇಡುತ್ತದೆ. ಮುಂದಿನ ಸಲ ಏಳುವಾಗ ನೋಡು ಎಂದು ಒಂದು ಗುರುತು ಹಾಕುತ್ತದೆ. ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಮತ್ತೆ ಎದ್ದ ಫರ್ಮ್‌ವೇರ್ ಆ ಗುರುತನ್ನು ಕಂಡು, ಫೈಲಿನ ಮೇಲಿರುವ ಕಂಪನಿಯ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ, ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ಪರದೆಯ ಮೇಲೆ ಶೇಕಡಾವಾರು ಪಟ್ಟಿ ಓಡುವಾಗ ವಿಂಡೋಸ್ ಅಲ್ಲಿ ಇರುವುದೇ ಇಲ್ಲ. ವಿಂಡೋಸಿನ ಪಾತ್ರ ಅಂಚೆಯಣ್ಣನದು. ಲಕೋಟೆ ತಂದು ಬಾಗಿಲಲ್ಲಿ ಇಟ್ಟು ಬೆಲ್ ಒತ್ತಿ ಹೋದವನು. ಲಕೋಟೆ ತರುವುದಕ್ಕೆ ಆ ಒಬ್ಬ ಅಂಚೆಯಣ್ಣನೇ ಆಗಬೇಕು, ಇನ್ನೊಬ್ಬ ತಂದರೆ ಕಾಗದ ಓದಲು ಬರುವುದಿಲ್ಲ ಎಂದು ವಾದಿಸುವವರನ್ನು ಏನೆನ್ನಬೇಕು?

ಡೆಲ್ ಕಂಪ್ಯೂಟರುಗಳಲ್ಲಿ ಇದರ ತಮಾಷೆ ಕಣ್ಣಾರೆ ಕಾಣಬಹುದು. ಡೆಲ್ ತನ್ನ ಬಯೋಸನ್ನು ಇಎಕ್ಸ್‌ಇ ಆಗಿಯೇ ಕೊಡುತ್ತದೆ. ಹೆಸರು ನೋಡಿದ ಲಿನಕ್ಸ್ ಬಳಕೆದಾರ ಅಲ್ಲೇ ಕೈಚೆಲ್ಲುತ್ತಾನೆ. ಆದರೆ ಅದೇ ಫೈಲನ್ನು ಫ್ಯಾಟ್ 32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಯಂತ್ರ ಆನ್ ಮಾಡುತ್ತಿದ್ದಂತೆ ಎಫ್ 12 ಒತ್ತಿ, ‘ಬಯೋಸ್ ಫ್ಲ್ಯಾಶ್ ಅಪ್‌ಡೇಟ್’ ಎಂಬ ಸಾಲನ್ನು ಆರಿಸಿದರೆ, ಡೆಲ್‌ನ ಫರ್ಮ್‌ವೇರೇ ಆ ಇಎಕ್ಸ್‌ಇ ಫೈಲನ್ನು ತೆರೆದು ಒಳಗಿರುವುದನ್ನು ಓದಿಕೊಳ್ಳುತ್ತದೆ. ಹಾರ್ಡ್‌ಡಿಸ್ಕ್ ಬಿಚ್ಚಿಟ್ಟಿದ್ದರೂ ನಡೆಯುತ್ತದೆ. ವಿಂಡೋಸಿನ ಬಾಲ ಹಚ್ಚಿಕೊಂಡ ಫೈಲು ವಿಂಡೋಸನ್ನು ಕಾಣದೆಯೇ ಮನೆ ಸೇರುತ್ತದೆ. ಎಷ್ಟೋ ಮಾದರಿಗಳಲ್ಲಿ ವರ್ಷಗಳಿಂದ ಈ ಸೌಲಭ್ಯವಿದೆ. ಸಹಾಯವಾಣಿಗೆ ಕರೆ ಮಾಡಿದರೆ ಮಾತ್ರ ‘ಯಾವ ವಿಂಡೋಸ್ ಇದೆ ಸರ್?’ ಎಂಬಲ್ಲಿಂದ ಶುರು.

ಜೋಡಿಸಿದ ಡೆಸ್ಕ್‌ಟಾಪುಗಳ ಕಥೆ ಇನ್ನೂ ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡು, ಪ್ರೊಸೆಸರು, ರ‍್ಯಾಮು ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಂಡವರು ಈ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವ ಕಾರಣವೇ ಇಲ್ಲ. ಆಸುಸ್‌ನಲ್ಲಿ ಇಝಡ್ ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಎಂಎಸ್‌ಐಯಲ್ಲಿ ಎಂ-ಫ್ಲ್ಯಾಶ್, ಎಎಸ್‌ರಾಕ್‌ನಲ್ಲಿ ಇನ್‌ಸ್ಟಂಟ್ ಫ್ಲ್ಯಾಶ್ ಎಂದು ಹೆಸರು ಬೇರೆಬೇರೆ, ಕೆಲಸ ಒಂದೇ: ಡಿಲೀಟ್ ಕೀ ಒತ್ತಿ ಸೆಟಪ್ಪಿಗೆ ಹೋಗಿ, ಪೆನ್‌ಡ್ರೈವಿನಲ್ಲಿರುವ ಫೈಲನ್ನು ತೋರಿಸಿದರೆ ಬೋರ್ಡೇ ಮುಂದಿನದನ್ನು ನೋಡಿಕೊಳ್ಳುತ್ತದೆ.

ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದ ಬೋರ್ಡುಗಳಿವೆ. ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟುಗಳ ಪಕ್ಕ ಒಂದು ಪುಟ್ಟ ಬಟನ್. ಫೈಲಿಗೆ ಕಂಪನಿ ಹೇಳಿದ ಹೆಸರನ್ನಿಟ್ಟು (ಎಂಎಸ್‌ಐಯಲ್ಲಾದರೆ ‘ಎಂಎಸ್‌ಐ ಡಾಟ್ ರೋಮ್’) ಗುರುತು ಮಾಡಿದ ಪೋರ್ಟಿಗೆ ಪೆನ್‌ಡ್ರೈವ್ ಚುಚ್ಚಿ ಆ ಬಟನ್ ಒತ್ತಿದರೆ ಪಕ್ಕದ ದೀಪ ಮಿಣಕತೊಡಗುತ್ತದೆ. ಕೆಲವು ನಿಮಿಷಕ್ಕೆ ಆರಿಹೋದರೆ ಕೆಲಸ ಮುಗಿದಂತೆ. ಈ ಹೊತ್ತಿನಲ್ಲಿ ಬೋರ್ಡಿನ ಮೇಲೆ ಪ್ರೊಸೆಸರ್ ಇರಬೇಕಾಗಿಲ್ಲ. ರ‍್ಯಾಮ್ ಇರಬೇಕಾಗಿಲ್ಲ. ಮಾನಿಟರ್ ಬೇಡ, ಕೀಬೋರ್ಡ್ ಬೇಡ. ಪವರ್ ಸಪ್ಲೈ ಒಂದಿದ್ದರೆ ಸಾಕು. ಪ್ರೊಸೆಸರೇ ಇಲ್ಲದ ಬೋರ್ಡು ತನ್ನ ಬಯೋಸ್ ಬರೆದುಕೊಳ್ಳುವಾಗ ವಿಂಡೋಸ್ ಎಲ್ಲಿ ಕೂತಿತ್ತು ಎಂದು ನಮ್ಮ ವೇದವಾಕ್ಯದವರು ತೋರಿಸಲಿ.

ಈ ಬಟನ್ ಶೋಕಿಗೆ ಬಂದದ್ದೂ ಅಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ಕಾಲದಲ್ಲಿ ಹಳೆಯ ಬೋರ್ಡಿಗೆ ಹೊಸ ರೈಜನ್ ಕೂರಿಸಿದವರಿಗೆ ಪರದೆಯೇ ಬರುತ್ತಿರಲಿಲ್ಲ. ಹೊಸ ಪ್ರೊಸೆಸರನ್ನು ಗುರುತಿಸಲು ಹೊಸ ಬಯೋಸ್ ಬೇಕು, ಹೊಸ ಬಯೋಸ್ ಹಾಕಲು ಕೆಲಸ ಮಾಡುವ ಪ್ರೊಸೆಸರ್ ಬೇಕು. ಎಎಂಡಿ ಆಗ ಬಯೋಸ್ ಅಪ್‌ಡೇಟಿಗೆಂದೇ ಹಳೆಯ ಪ್ರೊಸೆಸರನ್ನು ಗ್ರಾಹಕರಿಗೆ ಎರವಲು ಕಳಿಸಿಕೊಡುವ ಪದ್ಧತಿ ಇಟ್ಟುಕೊಂಡಿತ್ತು. ಅಂಥ ಹೊತ್ತಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ಮೂ ಯಾರ ಕಣ್ಣೀರನ್ನೂ ಒರೆಸಲಿಲ್ಲ. ಒರೆಸಿದ್ದು ಈ ಬಟನ್.

ಇಲ್ಲೊಂದು ಸಣ್ಣ ವಿಷಯ ಹೇಳದೆ ಮುಂದೆ ಹೋಗಲಾರೆ. ಆಸುಸ್ ಬಯೋಸಿನ ಜಿಪ್ ಫೈಲನ್ನು ಬಿಚ್ಚಿದರೆ ಒಳಗೆ ಫರ್ಮ್‌ವೇರಿನ ಜೊತೆ ‘ಬಯೋಸ್ ರೀನೇಮರ್’ ಎಂಬ ಇನ್ನೊಂದು ಫೈಲ್ ಸಿಗುತ್ತದೆ. ಮೇಲೆ ಹೇಳಿದ ಬಟನ್ನಿಗೆ ಬೇಕಾದ ಹೆಸರನ್ನು ಫೈಲಿಗೆ ಇಡುವುದಷ್ಟೇ ಅದರ ಕೆಲಸ. ಅದು ಇಎಕ್ಸ್‌ಇ! ಪ್ರೊಸೆಸರ್ ಇಲ್ಲದೆಯೂ ನಡೆಯುವ ವ್ಯವಸ್ಥೆಯನ್ನು ಕಟ್ಟಿದ ಎಂಜಿನಿಯರುಗಳ ಪಕ್ಕದ ಮೇಜಿನಲ್ಲಿ, ಫೈಲಿನ ಹೆಸರು ಬದಲಿಸಲು ವಿಂಡೋಸ್ ಬೇಕು ಎಂದುಕೊಂಡವರೊಬ್ಬರು ಕೂತಿದ್ದರು. ಕೈಯಲ್ಲೇ ಹೆಸರು ಬದಲಿಸಿದರೆ ಬೋರ್ಡು ಏನೂ ಬೇಸರ ಮಾಡಿಕೊಳ್ಳುವುದಿಲ್ಲ. ಇಡೀ ಸಮಸ್ಯೆಯ ಸ್ವರೂಪ ಆ ಒಂದು ಫೈಲಿನಲ್ಲಿದೆ.

ಲ್ಯಾಪ್‌ಟಾಪುಗಳಿಗೆ ಬರೋಣ. ಪೆನ್‌ಡ್ರೈವಿನ ರಗಳೆಯೂ ಬೇಡ ಎನ್ನುವವರಿಗೆ 2015ರಿಂದ ಒಂದು ದಾರಿ ಇದೆ. ರೆಡ್ ಹ್ಯಾಟ್‌ನಲ್ಲಿದ್ದ ರಿಚರ್ಡ್ ಹ್ಯೂಸ್ ಎಂಬ ಬ್ರಿಟಿಷ್ ಪ್ರೋಗ್ರಾಮರ್, ಲಿನಕ್ಸ್ ಯಂತ್ರಗಳ ಫರ್ಮ್‌ವೇರನ್ನು ಹೊಸದಾಗಿಸುವ ‘ಎಫ್‌ಡಬ್ಲ್ಯೂಅಪ್‌ಡಿ’ ಎಂಬ ತಂತ್ರಾಂಶವನ್ನೂ, ಕಂಪನಿಗಳು ತಮ್ಮ ಫೈಲುಗಳನ್ನು ತಂದು ಇಡಬಹುದಾದ ‘ಎಲ್‌ವಿಎಫ್‌ಎಸ್’ ಎಂಬ ಉಗ್ರಾಣವನ್ನೂ ಕಟ್ಟಿದರು. ಡೆಲ್ ಮೊದಮೊದಲು ಬಂದವರಲ್ಲಿ ಒಂದು. ಲೆನೊವೊ 2018ರಲ್ಲಿ ತನ್ನ ಥಿಂಕ್‌ಪ್ಯಾಡುಗಳೊಂದಿಗೆ ಸೇರಿತು. 2019ರಲ್ಲಿ ಈ ಉಗ್ರಾಣ ಲಿನಕ್ಸ್ ಫೌಂಡೇಶನ್ನಿನ ಆಸರೆಗೆ ಬಂತು. ಉಬುಂಟು, ಫೆಡೋರಾಗಳಲ್ಲಿ ಆ ತಂತ್ರಾಂಶ ಮೊದಲೇ ಇರುತ್ತದೆ. ಟರ್ಮಿನಲ್ಲಿನಲ್ಲಿ ರಿಫ್ರೆಶ್, ಗೆಟ್ ಅಪ್‌ಡೇಟ್ಸ್, ಅಪ್‌ಡೇಟ್ ಎಂದು ಮೂರು ಆಜ್ಞೆ. ಅದೂ ಬೇಡವೆಂದರೆ ಸಾಫ್ಟ್‌ವೇರ್ ಅಂಗಡಿಯ ಕಿಟಕಿಯಲ್ಲಿ ಉಳಿದ ಅಪ್‌ಡೇಟುಗಳ ಜೊತೆಗೇ ಇದೂ ಬಂದು ಕೂತಿರುತ್ತದೆ. ಚಾರ್ಜರ್ ಹಾಕಿಲ್ಲದಿದ್ದರೆ ‘ಮೊದಲು ಚಾರ್ಜರ್ ಹಾಕು’ ಎಂದು ಗದರಿ ನಿಲ್ಲಿಸುತ್ತದೆ. ಹಾಕಿದರೆ ಕ್ಯಾಪ್ಸೂಲನ್ನು ಇಟ್ಟು ರೀಸ್ಟಾರ್ಟ್ ಮಾಡುತ್ತದೆ. ಮುಂದಿನದು ಮೇಲೆ ಹೇಳಿದ್ದೇ: ಫರ್ಮ್‌ವೇರ್ ತಾನೇ ಸಹಿ ನೋಡಿ ತಾನೇ ಬರೆದುಕೊಳ್ಳುತ್ತದೆ. ವಿಂಡೋಸ್ ಅಪ್‌ಡೇಟ್ ಬಳಸುವ ಕ್ಯಾಪ್ಸೂಲ್ ವ್ಯವಸ್ಥೆಯೂ ಇದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ತಮಾಷೆಗೆ ಹೇಳುವುದಾದರೆ, ಈ ಉಗ್ರಾಣದಲ್ಲಿ ಫೈಲುಗಳನ್ನು ಕಟ್ಟಿಡುವುದು ಮೈಕ್ರೋಸಾಫ್ಟಿನದೇ ಹಳೆಯ ‘ಕ್ಯಾಬ್’ ರೂಪದಲ್ಲಿ. ಲಿನಕ್ಸ್‌ನವರಿಗೆ ಆ ವಿಷಯದಲ್ಲಿ ಮಡಿಮೈಲಿಗೆ ಇಲ್ಲ.

ಇಷ್ಟಾದ ಮೇಲೆ ಎದುರು ಪಾಳಯ ದಾರಿ ಬದಲಿಸುತ್ತದೆ. ‘ಆಗಬಹುದು ಸಾರ್, ಆದ್ರೆ ರಿಸ್ಕು. ವಿಂಡೋಸಿನಲ್ಲಿ ಮಾಡಿದ್ರೆ ಸೇಫು.’

ಸೇಫು? ಚರಿತ್ರೆ ತೆಗೆದು ನೋಡೋಣ. ಬಯೋಸ್ ಚಿಪ್ಪನ್ನು ಸಾಮೂಹಿಕವಾಗಿ ಹಾಳು ಮಾಡಿ ಕುಖ್ಯಾತವಾದ ವೈರಸ್ಸಿನ ಹೆಸರು ಸಿಐಎಚ್. 1998ರಲ್ಲಿ ತೈವಾನಿನಲ್ಲಿ ಹುಟ್ಟಿ, 1999ರ ಏಪ್ರಿಲ್ 26ರಂದು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಮಲಗಿಸಿತು. ಡಿಸ್ಕನ್ನು ಅಳಿಸುವುದಲ್ಲದೆ, ಕೈಗೆ ಸಿಕ್ಕ ಬೋರ್ಡುಗಳ ಬಯೋಸಿನ ಮೇಲೂ ಕಸ ಬರೆದುಬಿಡುತ್ತಿತ್ತು. ಅದು ಮನೆ ಮಾಡಿಕೊಂಡಿದ್ದದ್ದು ವಿಂಡೋಸ್ 95 ಮತ್ತು 98ರಲ್ಲಿ. ಓಡುತ್ತಿರುವ ಸಿಸ್ಟಮ್ಮಿನ ಒಳಗಿಂದ ಚಿಪ್ಪಿಗೆ ಬರೆಯಲು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕೈಗಾರಿಕೆ ಕಲಿತದ್ದೇ ಅಂಥ ಪಾಠಗಳಿಂದ.

ಅದು ಹಳೆಯ ಮಾತಾಯಿತು ಎನ್ನುವವರಿಗೆ ಹೊಸದೂ ಇದೆ. 2019ರ ಮಾರ್ಚಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ‘ಶ್ಯಾಡೋಹ್ಯಾಮರ್’ ಎಂಬ ದಾಳಿಯನ್ನು ಬಯಲು ಮಾಡಿತು. ಬಯೋಸನ್ನೂ ಡ್ರೈವರುಗಳನ್ನೂ ಹೊಸದಾಗಿಸಲೆಂದು ವಿಂಡೋಸಿನಲ್ಲಿ ಕೂತಿರುವ ಆಸುಸ್ ಲೈವ್ ಅಪ್‌ಡೇಟ್ ಎಂಬ ತಂತ್ರಾಂಶಕ್ಕೇ ದಾಳಿಕೋರರು ವಿಷ ಸೇರಿಸಿ, ಕಂಪನಿಯ ಅಸಲಿ ಸಹಿಯೊಂದಿಗೆ, ಕಂಪನಿಯ ಸರ್ವರಿನಿಂದಲೇ ಹಂಚಿದ್ದರು. 2023ರಲ್ಲಿ ಎಕ್ಲಿಪ್ಸಿಯಂ ಎಂಬ ಭದ್ರತಾ ಸಂಸ್ಥೆ ಇನ್ನೊಂದನ್ನು ಹೊರಗೆಳೆಯಿತು. ಗಿಗಾಬೈಟ್‌ನ ಇನ್ನೂರಕ್ಕೂ ಹೆಚ್ಚು ಮಾದರಿಯ ಬೋರ್ಡುಗಳಲ್ಲಿ ಫರ್ಮ್‌ವೇರೇ ವಿಂಡೋಸಿನ ಒಳಗೆ ಒಂದು ಪ್ರೋಗ್ರಾಮನ್ನು ತೂರಿಸುತ್ತಿತ್ತು. ಅದು ಇಂಟರ್ನೆಟ್ಟಿನಿಂದ ಇನ್ನೊಂದನ್ನು ಇಳಿಸಿಕೊಳ್ಳುತ್ತಿತ್ತು. ಇಳಿಸಿಕೊಳ್ಳುವ ವಿಳಾಸಗಳಲ್ಲಿ ಒಂದಕ್ಕೆ ಗೂಢಲಿಪಿಯ ರಕ್ಷಣೆಯೂ ಇರಲಿಲ್ಲ. ಕಂಪನಿ ಆಮೇಲೆ ತಿದ್ದಿದ ಬಯೋಸ್ ಹೊರತಂದಿತು. ಆದರೆ ಗಮನಿಸಿ: ಬೋರ್ಡಿನಿಂದ ಪ್ರೋಗ್ರಾಮನ್ನು ತಂದು ತಾನಾಗಿ ಓಡಿಸುವ ಆ ಕಿಂಡಿಯನ್ನು ತೆರೆದಿಟ್ಟಿರುವುದು ವಿಂಡೋಸ್. ಅದೇ ಬೋರ್ಡಿನಲ್ಲಿ ಲಿನಕ್ಸ್ ಓಡಿಸುವವರ ಮನೆಗೆ ಆ ಅತಿಥಿ ಬರಲೇ ಇಲ್ಲ.

ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ವಿಷಯ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ಅದನ್ನು ತಾತ್ಕಾಲಿಕವಾಗಿ ನಿಲ್ಲಿಸದೆ ಬಯೋಸ್ ಬದಲಿಸಿ, 48 ಅಂಕಿಯ ರಿಕವರಿ ಕೀ ಎಲ್ಲಿಟ್ಟಿದ್ದೇನೆ ಎಂದು ಬೆವರುತ್ತ ಹುಡುಕಿದವರಿಗೆ ‘ಸೇಫು’ ಎಂಬುದರ ಅರ್ಥ ಚೆನ್ನಾಗಿ ಗೊತ್ತು.

ಲಿನಕ್ಸ್‌ನ ಕಡೆ ಎಲ್ಲವೂ ಚೊಕ್ಕ ಎಂದೇನೂ ನಾನು ಹೇಳುವುದಿಲ್ಲ. ಎದುರು ಪಾಳಯ ಎರಡು ಪ್ರಕರಣಗಳನ್ನು ಎತ್ತುತ್ತದೆ, ಎತ್ತುವುದು ನ್ಯಾಯವೇ. 2013ರ ಆರಂಭದಲ್ಲಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳು ಲಿನಕ್ಸ್ ಬೂಟ್ ಮಾಡಿದ್ದಕ್ಕೇ ಸತ್ತುಹೋದವು. 2017ರ ಡಿಸೆಂಬರಿನಲ್ಲಿ ಉಬುಂಟು 17.10 ಹಾಕಿದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಸೆಟ್ಟಿಂಗ್ ಉಳಿಯದಂತಾಗಿ, ಉಬುಂಟು ತನ್ನ ಡೌನ್‌ಲೋಡನ್ನೇ ಹಿಂದೆಗೆದುಕೊಳ್ಳಬೇಕಾಯಿತು. ಮೊದಲನೆಯದರಲ್ಲಿ ಬೇರು ಇದ್ದದ್ದು ಸ್ಯಾಮ್‌ಸಂಗ್‌ನ ಫರ್ಮ್‌ವೇರಿನಲ್ಲಿ. ವಿಂಡೋಸಿನಿಂದಲೂ ಅದೇ ರೀತಿ ಆ ಯಂತ್ರವನ್ನು ಕೊಲ್ಲಬಹುದು ಎಂದು ಮ್ಯಾಥ್ಯೂ ಗ್ಯಾರೆಟ್ ಎಂಬ ಲಿನಕ್ಸ್ ಡೆವಲಪರ್ ಕೆಲವೇ ವಾರಗಳಲ್ಲಿ ಮಾಡಿ ತೋರಿಸಿದರು. ಅಲ್ಲಿ ಲಿನಕ್ಸನ್ನು ಬೈದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಎರಡನೆಯದು ಮಾತ್ರ ಲಿನಕ್ಸ್‌ನ ತಪ್ಪು, ಸಂಶಯವಿಲ್ಲ: ಸಾಮಾನ್ಯ ಬಳಕೆದಾರರ ಕರ್ನೆಲ್ಲಿನಲ್ಲಿ ಚಿಪ್ಪನ್ನು ನೇರವಾಗಿ ಮುಟ್ಟುವ ಡ್ರೈವರನ್ನು ಚಾಲೂ ಇಟ್ಟಿದ್ದರು. ಆದರೆ ಎರಡೂ ಕಡೆ ಯಾರೂ ಬಯೋಸ್ ಅಪ್‌ಡೇಟ್ ಮಾಡುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಈ ಪ್ರಕರಣಗಳಿಂದ ಕಲಿಯಬೇಕಾದ್ದು, ಓಡುತ್ತಿರುವ ಸಿಸ್ಟಮ್ಮಿನಿಂದ ಚಿಪ್ಪಿನ ಮೇಲೆ ಕೈ ಹಾಕಬೇಡಿ, ಫರ್ಮ್‌ವೇರಿಗೆ ಒಪ್ಪಿಸಿ ಎಂಬುದನ್ನು. ಕ್ಯಾಪ್ಸೂಲೂ ಪೆನ್‌ಡ್ರೈವೂ ಮಾಡುವುದು ಅದನ್ನೇ.

ಇನ್ನು ಕೆಲವರದು ಮೂರನೆಯ ರಾಗ: ‘ನಡೀತಿದೆಯಲ್ಲ, ಬಯೋಸ್ ಯಾಕೆ ಮುಟ್ತೀರಿ?’ ಹದಿನೈದು ವರ್ಷದ ಹಿಂದೆ ಇದು ಬುದ್ಧಿವಂತರ ಮಾತಾಗಿತ್ತು. ಇವತ್ತಲ್ಲ. 2023ರ ಡಿಸೆಂಬರಿನಲ್ಲಿ ಹೊರಬಿದ್ದ ‘ಲೋಗೋಫೇಲ್’ ದೋಷ, ಯಂತ್ರ ಏಳುವಾಗ ಕಾಣುವ ಕಂಪನಿಯ ಲಾಂಛನದ ಚಿತ್ರದ ಮೂಲಕವೇ ದಾಳಿಗೆ ದಾರಿ ಕೊಡುತ್ತಿತ್ತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚು ವೋಲ್ಟೇಜ್ ಕುಡಿದು ಕೆಡುತ್ತಿದ್ದಾಗ, ಅದನ್ನು ತಡೆಯುವ ಮೈಕ್ರೋಕೋಡ್ 2024ರ ಆಗಸ್ಟಿನಲ್ಲಿ ಬಂದದ್ದು ಬಯೋಸ್ ಅಪ್‌ಡೇಟುಗಳ ಮೂಲಕ. ‘ಮುಟ್ಟಬೇಡಿ’ ಎಂಬ ಉಪದೇಶ ಕೇಳಿ ಸುಮ್ಮನಿದ್ದವರ ಪ್ರೊಸೆಸರ್ ಸವೆಯುತ್ತಲೇ ಇತ್ತು. ಸಹಿ ಇಲ್ಲದ ಸಿಸ್ಟಮ್ಮನ್ನು ಏಳಲು ಬಿಡದ ಸೆಕ್ಯೂರ್ ಬೂಟ್ ವ್ಯವಸ್ಥೆಗೆಂದು 2011ರಲ್ಲಿ ಕೊಟ್ಟ ಮೈಕ್ರೋಸಾಫ್ಟಿನ ಪ್ರಮಾಣಪತ್ರಗಳ ಅವಧಿ 2026ರ ಜೂನಿನಿಂದ ತೀರುತ್ತ ಹೋಗುತ್ತದೆ. ಆ ವ್ಯವಸ್ಥೆ ಚಾಲೂ ಇದ್ದಾಗ ಸಾಮಾನ್ಯವಾಗಿ ಲಿನಕ್ಸ್ ಬೂಟ್ ಆಗುವುದೂ ಅವುಗಳಲ್ಲೊಂದರ ಸಹಿಯ ಬಲದಿಂದ. ಹೊಸ ಪ್ರಮಾಣಪತ್ರಗಳನ್ನು ಎಲ್‌ವಿಎಫ್‌ಎಸ್ ಮೂಲಕ ಹಂಚುವ ಕೆಲಸವೂ ನಡೆದಿದೆ. ಫರ್ಮ್‌ವೇರ್ ಈಗ ವರ್ಷಕ್ಕೆ ಹಲವು ಬಾರಿ ಬದಲಾಗುವ ಸಾಮಾನು. ಅಷ್ಟು ಸಲವೂ ವಿಂಡೋಸ್ ಹಾಕಿ ತೆಗೆಯುತ್ತ ಕೂರಬೇಕೇ?

‘ಒಂದ್ಸಲಕ್ಕೆ ತಾನೇ’ ಎಂಬ ಸಲಹೆ ನಮ್ಮ ಊರುಗಳಲ್ಲಿ ನಿಜಕ್ಕೂ ಹೇಗೆ ಜಾರಿಯಾಗುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕು. ಲೈಸೆನ್ಸ್ ಕೊಳ್ಳುವವರು ಯಾರೂ ಇಲ್ಲ. ಮೈಕ್ರೋಸಾಫ್ಟಿನ ತಾಣದಿಂದ ಅಸಲಿ ಐಎಸ್‌ಒ ಇಳಿಸಿ ಆಕ್ಟಿವೇಟ್ ಮಾಡದೆ ಬಳಸಬಹುದು, ನಿಜ. ಆ ತಾಳ್ಮೆ ಇರುವವರು ಕಡಿಮೆ. ಅಂಗಡಿಯ ಹುಡುಗ ಡ್ರಾಯರಿನಿಂದ ತೆಗೆಯುವ ಪೆನ್‌ಡ್ರೈವಿನಲ್ಲಿ ಯಾರೋ ಎಲ್ಲೋ ಕತ್ತರಿಸಿ ಹೊಲಿದ ವಿಂಡೋಸ್, ಜೊತೆಗೆ ಒಂದು ಆಕ್ಟಿವೇಟರ್ ಇರುತ್ತದೆ. ಆಂಟಿವೈರಸ್ ಆಫ್ ಮಾಡಿ ಅದನ್ನು ಓಡಿಸಿ, ಅದೇ ಸಿಸ್ಟಮ್ಮಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಬಯೋಸ್ ಅಪ್‌ಡೇಟ್ ಒತ್ತುವುದು. ಇದಕ್ಕೆ ‘ಸೇಫು’ ಎಂದು ಹೆಸರು. ಹಳೆಯ ಯಂತ್ರಗಳ ಪಾಡು ಇನ್ನೂ ಚೆನ್ನ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ, ಹಳೆಯ ಪ್ರೊಸೆಸರುಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗೆ ಹೊರಗೆ ಹಾಕಿದ ಎಷ್ಟೋ ಲ್ಯಾಪ್‌ಟಾಪುಗಳಿಗೆ ಲಿನಕ್ಸೇ ಎರಡನೇ ಜನ್ಮ ಕೊಟ್ಟಿದೆ. ಅಂಥ ಯಂತ್ರದ ಭದ್ರತೆಗಾಗಿ, ಭದ್ರತೆ ನಿಂತುಹೋದ ಸಿಸ್ಟಮ್ಮನ್ನು ಹಾಕಿಕೊಂಡು ಬನ್ನಿ ಎನ್ನುತ್ತಾರೆ.

ಇಷ್ಟಕ್ಕೂ ಇಎಕ್ಸ್‌ಇ ಬಿಟ್ಟು ಬೇರೇನೂ ಕೊಡದ ಕಂಪನಿಗಳು ಇಲ್ಲವೇ? ಇವೆ, ಧಾರಾಳವಾಗಿವೆ. ಮನೆಬಳಕೆಯ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಈ ರೋಗ ಜಾಸ್ತಿ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ನಮ್ಮ ದೇಶದಲ್ಲಿ ‘ಡಾಸ್ ಲ್ಯಾಪ್‌ಟಾಪ್’ ಎಂಬ ಒಂದು ಜಾತಿಯೇ ಉಂಟು. ವಿಂಡೋಸಿನ ಹಣ ಉಳಿಯಲಿ ಎಂದು, ಜಿಮ್ ಹಾಲ್ 1994ರಲ್ಲಿ ಶುರುಮಾಡಿದ ಫ್ರೀಡಾಸ್ ಎಂಬ ಉಚಿತ ಸಿಸ್ಟಮ್ಮನ್ನು ಹೆಸರಿಗೆ ತುಂಬಿ ಕಂಪನಿಗಳು ಮಾರಿದ ಯಂತ್ರಗಳು ಇವು. ಪೆಟ್ಟಿಗೆಯ ಮೇಲೆ ಡಾಸ್ ಎಂದು ಅಚ್ಚು ಹಾಕಿ, ಅದಕ್ಕೆ ತಕ್ಕ ಬೆಲೆ ಪಡೆದು, ಅದೇ ಮಾದರಿಯ ಬಯೋಸನ್ನು ಮಾತ್ರ ‘ವಿಂಡೋಸ್ 10/11’ ಎಂದು ಬರೆದ ಇಎಕ್ಸ್‌ಇ ಆಗಿ ಇಡುವುದು ಯಾವ ನ್ಯಾಯ? ಮಾರುವಾಗ ಇಲ್ಲದ ವಿಂಡೋಸ್ ರಿಪೇರಿಯ ಹೊತ್ತಿಗೆ ಕಡ್ಡಾಯವಾಗುವುದು ಹೇಗೆ? ವಾರಂಟಿಯ ಒಳಗಿರುವ ಗ್ರಾಹಕ ತನ್ನ ಬೋರ್ಡಿನ ದೋಷ ಸರಿಪಡಿಸಿಕೊಳ್ಳಲು ಇನ್ನೊಂದು ಕಂಪನಿಯ ಲೈಸೆನ್ಸ್ ಒಪ್ಪಂದಕ್ಕೆ ತಲೆಯಾಡಿಸಬೇಕು ಎಂದರೆ, ಅದಕ್ಕೆ ತಾಂತ್ರಿಕ ಅನಿವಾರ್ಯತೆ ಎಂಬ ಹೆಸರು ಯಾಕೆ?

ಅಲ್ಲೂ ಕೈಚೆಲ್ಲಿ ಕೂರಬೇಕಿಲ್ಲ. ಇಂಥ ಇಎಕ್ಸ್‌ಇಗಳಲ್ಲಿ ಬಹಳಷ್ಟು ಒಳಗೊಳಗೆ ಬರೀ ಗಂಟುಕಟ್ಟಿದ ಫೈಲುಗಳು. 7-ಜಿಪ್ ಅಥವಾ ಇನ್ನೋಎಕ್ಸ್‌ಟ್ರ್ಯಾಕ್ಟ್‌ಗೆ ಕೊಟ್ಟರೆ ಬಿಚ್ಚಿಕೊಳ್ಳುತ್ತವೆ, ಒಳಗೆ ಬಿನ್ ಅಥವಾ ಎಫ್‌ಡಿ ಬಾಲದ ಅಸಲಿ ಫರ್ಮ್‌ವೇರ್ ಸಿಗುತ್ತದೆ. ಎಚ್‌ಪಿಯ ಹಲವು ಲ್ಯಾಪ್‌ಟಾಪುಗಳಲ್ಲಿ ಅದನ್ನು ಪೆನ್‌ಡ್ರೈವಿನಲ್ಲಿ ಸರಿಯಾದ ಫೋಲ್ಡರಿನಲ್ಲಿಟ್ಟು, ವಿಂಡೋಸ್ ಕೀ ಮತ್ತು ಬಿ ಕೀ ಒಟ್ಟಿಗೆ ಒತ್ತಿ ಆನ್ ಮಾಡಿದರೆ ಫರ್ಮ್‌ವೇರ್ ಅದನ್ನು ಎತ್ತಿಕೊಳ್ಳುತ್ತದೆ. (ವಿಂಡೋಸ್ ಇಲ್ಲದಾಗ ವಿಂಡೋಸ್ ಕೀಗೆ ಸಿಕ್ಕ ಒಂದು ಘನ ಉದ್ಯೋಗ ಇದು.) ಹಳೆಯ ಥಿಂಕ್‌ಪ್ಯಾಡುಗಳಿಗೆ ಲೆನೊವೊ ಬೂಟ್ ಆಗುವ ಸಿಡಿಯ ಐಎಸ್‌ಒ ಕೊಡುತ್ತದೆ, ಸಿಡಿ ಡ್ರೈವ್ ಇಲ್ಲದವರು ‘ಗೆಟ್‌ಎಲ್‌ಟೊರಿಟೊ’ ಎಂಬ ಪುಟ್ಟ ಪರ್ಲ್ ಸ್ಕ್ರಿಪ್ಟಿನಿಂದ ಅದರ ತಿರುಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಾರೆ. ಇನ್ನೂ ಹಳೆಯ ಬೋರ್ಡುಗಳ ಡಾಸ್ ಫ್ಲ್ಯಾಶರುಗಳು ಫ್ರೀಡಾಸ್ ಪೆನ್‌ಡ್ರೈವಿನಿಂದ ಇಂದಿಗೂ ಓಡುತ್ತವೆ.

ಯಾವುದೂ ಆಗದಿದ್ದಾಗ ಉಳಿಯುವುದು ಚಿಪ್ ಲೆವೆಲ್ ಸರ್ವಿಸ್ ಎಂದು ಬೋರ್ಡು ಹಾಕಿಕೊಂಡ ಅಂಗಡಿ. ಸಿಎಚ್341ಎ ಎಂಬ ಕೆಲವೇ ನೂರು ರೂಪಾಯಿಯ ಪ್ರೋಗ್ರಾಮರನ್ನು ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ಪಿನಿಂದ ಕಚ್ಚಿಸಿ, ಫ್ಲ್ಯಾಶ್‌ರೋಮ್ ಎಂಬ ಮುಕ್ತ ತಂತ್ರಾಂಶದಿಂದ ಓದಬಹುದು, ಬರೆಯಬಹುದು. ಹೊಸ ಚಿಪ್ಪುಗಳಲ್ಲಿ ಕೆಲವು 1.8 ವೋಲ್ಟಿನವು, 3.3 ಕೊಟ್ಟರೆ ಸುಟ್ಟೇಹೋದಾವು; ಇನ್ನೊಂದು ಲ್ಯಾಪ್‌ಟಾಪಿನಿಂದ ತೆಗೆದ ಪ್ರತಿಯನ್ನು ಹಾಗೇ ಬರೆದರೆ ಸೀರಿಯಲ್ ನಂಬರಿನಿಂದ ಹಿಡಿದು ಎಲ್ಲ ಅದರದೇ ಬಂದು ಕೂರುತ್ತದೆ. ಅದಕ್ಕೇ ಪಳಗಿದ ಕೈ ಬೇಕು, ಮೊದಲು ಹಳೆಯದರ ಪ್ರತಿ ತೆಗೆದಿಡಬೇಕು. ಎಲ್ಲರೂ ಇದನ್ನು ಮಾಡಿ ಎನ್ನುತ್ತಿಲ್ಲ. ಸತ್ತ ಬಯೋಸನ್ನು ಬದುಕಿಸುವ ಈ ಕೆಲಸದಲ್ಲೂ ಆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಬೇಕೆಂದು ಯಾವ ರಿಪೇರಿಯವನೂ ಕೇಳುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತದೆ, ಇದು ನಮ್ಮವರದೇ. ‘ಬಯೋಸೇ ಮುಚ್ಚಿದ ತಂತ್ರಾಂಶ. ಅದನ್ನು ಹಾಕಲು ವಿಂಡೋಸ್ ಬೇಡ ಎಂದು ಹಟ ಹಿಡಿಯುವುದರಲ್ಲಿ ಏನರ್ಥ?’ 1999ರಲ್ಲಿ ರಾನ್ ಮಿನ್ನಿಕ್ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಶುರುಮಾಡಿದ ಲಿನಕ್ಸ್‌ಬಯೋಸ್ ಇವತ್ತು ಕೋರ್‌ಬೂಟ್ ಆಗಿ ಕೋಟ್ಯಂತರ ಕ್ರೋಮ್‌ಬುಕ್‌ಗಳಲ್ಲಿ ಓಡುತ್ತಿದೆ. ಅದು ಸಿಗುವವರು ಹಾಕಿಕೊಳ್ಳಲಿ, ಸಂತೋಷ. ಸಿಗದ ಉಳಿದವರ ಪಾಲಿಗೆ ಮುಚ್ಚಿದ ಒಂದು ಪೆಟ್ಟಿಗೆ ಇದೆ ಎಂಬ ಕಾರಣಕ್ಕೆ ಇನ್ನೊಂದನ್ನೂ ಮನೆಗೆ ತಂದುಕೊಳ್ಳಿ ಎನ್ನುವುದು ತರ್ಕವಲ್ಲ. ಹತ್ತಾರು ಎಂಬಿಯ ಒಂದು ಫೈಲಿಗಾಗಿ ಹತ್ತಾರು ಜಿಬಿಯ ಸಿಸ್ಟಮ್ಮನ್ನು, ಅದರ ಖಾತೆಯನ್ನು, ಅದರ ಕಣ್ಗಾವಲನ್ನು ಒಪ್ಪಿಕೊಳ್ಳಬೇಕು ಎಂಬುದನ್ನಷ್ಟೇ ನಾನು ಪ್ರಶ್ನಿಸುತ್ತಿರುವುದು.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬಲ್ಲವರು ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರು. ಭಾರತ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದ್ದು 2015ರಲ್ಲಿ. ಕೇರಳದ ಶಾಲೆಗಳು ಅದಕ್ಕೂ ಮೊದಲಿನಿಂದ ಗ್ನೂ/ಲಿನಕ್ಸ್ ಮೇಲೆ ನಡೆಯುತ್ತಿವೆ. ಸಾವಿರಾರು ಶಾಲೆಗಳ ಲ್ಯಾಬಿನಲ್ಲಿರುವ ಒಂದೊಂದು ಯಂತ್ರಕ್ಕೂ ‘ಒಂದ್ಸಲ ವಿಂಡೋಸ್ ಹಾಕಿ ತೆಗೆಯಿರಿ’ ಎಂದು ಹೇಳಿ ನೋಡಿ, ಈ ಸಲಹೆಯ ಬುದ್ಧಿವಂತಿಕೆ ತಾನಾಗಿ ಗೊತ್ತಾಗುತ್ತದೆ. ಕರ್ನಾಟಕದ ಯಾವುದೇ ಇಲಾಖೆ, ವಿಶ್ವವಿದ್ಯಾಲಯ, ಸಹಕಾರಿ ಬ್ಯಾಂಕು ನೂರು ಕಂಪ್ಯೂಟರ್ ಕೊಳ್ಳಲು ಟೆಂಡರ್ ಕರೆಯುವಾಗ ಇಷ್ಟು ಜಿಬಿ ರ‍್ಯಾಮ್, ಇಷ್ಟು ಇಂಚಿನ ಮಾನಿಟರ್ ಎಂದು ಬರೆಯುವ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು: ‘ಫರ್ಮ್‌ವೇರ್ ಅಪ್‌ಡೇಟುಗಳು ಎಲ್‌ವಿಎಫ್‌ಎಸ್ ಮೂಲಕ, ಅಥವಾ ಸೆಟಪ್ಪಿನಿಂದಲೇ ಪೆನ್‌ಡ್ರೈವ್ ಮೂಲಕ ಹಾಕಿಕೊಳ್ಳುವಂತಿರಬೇಕು, ಬೆಂಬಲದ ಪೂರ್ತಿ ಅವಧಿಗೆ.’ ಇದಕ್ಕೆ ಕಂಪನಿಗೆ ತಗಲುವ ಖರ್ಚು ಅತ್ಯಲ್ಪ. ಅದೇ ಕಂಪನಿಗಳಲ್ಲಿ ಕೆಲವು ತಮ್ಮ ಆಫೀಸು ಮಾದರಿಗಳಿಗೆ ಇದನ್ನು ಈಗಾಗಲೇ ಕೊಡುತ್ತಿವೆ.

ಒಂದೇ ಒಂದು ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮುಂಚೆ ಫೋನಿನಲ್ಲೇ ಆ ಮಾದರಿಯ ಸಪೋರ್ಟ್ ಪುಟ ತೆರೆದು, ಬಯೋಸ್ ಎಂಬ ಸಾಲಿನ ಪಕ್ಕ ಯಾವ ರೂಪದ ಫೈಲಿದೆ ನೋಡಲಿ. ಎಲ್‌ವಿಎಫ್‌ಎಸ್ ತಾಣದ ಸಾಧನಗಳ ಪಟ್ಟಿಯಲ್ಲಿ ಅದರ ಹೆಸರಿದೆಯೇ ಹುಡುಕಲಿ. ಎರಡೂ ಕಡೆ ಉತ್ತರ ಇಲ್ಲವೆಂದಾದರೆ ಸೇಲ್ಸಿನವರನ್ನೇ ಕೇಳಲಿ. ‘ಒಂದ್ಸಲ ವಿಂಡೋಸ್ ಹಾಕಿ ಸಾರ್’ ಎಂದು ಅವರು ಶುರು ಮಾಡಿದರೆ, ಪಕ್ಕದ ಶೆಲ್ಫಿನಲ್ಲಿ ಇನ್ನೊಂದು ಮಾದರಿ ಇದ್ದೇ ಇರುತ್ತದೆ.